ಹಳೇ ಕಾರಿನ ಡೆಕ್ಕಿಗೆ ಸಿಡಿ ಬರೆಯುವ ಸಾಮಾನು: ಎಲ್‌ಜಿ ಪೋರ್ಟಬಲ್ ರೈಟರ್, ವರ್ಬ್ಯಾಟಿಮ್ ಖಾಲಿ ಸಿಡಿ, ಇಮ್ಗ್‌ಬರ್ನ್

ನಿಮ್ಮ ಕಾರಿನ ಸ್ಟೀರಿಯೋದಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೆ ಈ ಸಾಮಾನು ಯಾವುದೂ ಬೇಡ. ಒಂದು ಪೆನ್‌ಡ್ರೈವ್ ಸಾಕು. ಸಿಡಿ ಬಿಟ್ಟರೆ ಬೇರೇನೂ ಒಳಗೆ ಹೋಗದ ಡೆಕ್ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಂಥವರು ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಪುತ್ತೂರಿನಲ್ಲೇ ಹದಿನೈದು ವರ್ಷದ ಕಾರನ್ನು ಚೆನ್ನಾಗಿ ಇಟ್ಟುಕೊಂಡು ಓಡಿಸುವವರು ಎಷ್ಟು ಜನ! ಡೆಕ್ ಚೆನ್ನಾಗಿದೆ, ಸ್ಪೀಕರ್ ಚೆನ್ನಾಗಿದೆ, ಹಾಕೋಕೆ ಸಿಡಿ ಮಾತ್ರ ಇಲ್ಲ.

ನಾನು ಸಿಡಿ ಬರೆಯುವುದು ಹೆಚ್ಚಾಗಿ ಯಕ್ಷಗಾನ ತಾಳಮದ್ದಳೆಗೆ. ಅಪ್ಪ ದೇವಸ್ಥಾನಗಳ ಜಗಲಿಯಲ್ಲಿ, ಶಾಲೆಯ ಹಾಲ್‌ಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತು ತುಂಬಿಸಿದ ಕ್ಯಾಸೆಟ್‌ಗಳು ಮನೆಯಲ್ಲಿವೆ. ಕರಾವಳಿಯ ಮಳೆಗಾಲಕ್ಕೆ ಅವುಗಳ ಟೇಪಿಗೆ ಬಿಳಿ ಬೂಷ್ಟು ಹಿಡಿಯಲು ಶುರುವಾಗಿತ್ತು. ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದೆ. ಆಮೇಲೆ ಕಾರಿನಲ್ಲಿ ಕೇಳುವ ಆಸೆ ಬಂತು. ಪುತ್ತೂರಿನಿಂದ ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಹತ್ತಿ ಸಕಲೇಶಪುರ, ಹಾಸನ ದಾಟಿ ಬೆಂಗಳೂರು ಮುಟ್ಟುವಷ್ಟರಲ್ಲಿ ಒಂದು ಪ್ರಸಂಗ ಹೆಚ್ಚುಕಡಿಮೆ ಮುಗಿಯುತ್ತದೆ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಹೋದರೂ ಭಾಗವತರ ಪದ್ಯ ನಿಲ್ಲುವುದಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಎಲ್ಲವೂ ಮಾತಿನಲ್ಲೇ ನಡೆಯುವ ಕಲೆ. ಗಾಡಿ ಓಡಿಸುತ್ತಾ ಕೇಳೋಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮೊದಲು ರೈಟರ್ ವಿಷಯ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಡ್ರೈವ್ ಬರುವುದಿಲ್ಲ. ಹಾಗಾಗಿ ಹೊರಗಿನಿಂದ ಜೋಡಿಸುವುದು ಬೇಕು. ನಾನು ತಂದದ್ದು ಎಲ್‌ಜಿ ಹೆಸರಿನ ಸ್ಲಿಮ್ ಪೋರ್ಟಬಲ್ ಡಿವಿಡಿ ರೈಟರ್. 3,000 ರೂಪಾಯಿ ಒಳಗೇ ಸಿಕ್ಕಿತು. ಬೇರೆ ಅಡಾಪ್ಟರ್ ಬೇಡ, ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುತ್ತದೆ. ಆದರೆ ಯುಎಸ್‌ಬಿ ಹಬ್‌ಗೆ ಚುಚ್ಚಬೇಡಿ, ಲ್ಯಾಪ್‌ಟಾಪ್‌ನ ಪೋರ್ಟಿಗೇ ನೇರವಾಗಿ ಚುಚ್ಚಿ. ಡಿಸ್ಕ್ ಜೋರಾಗಿ ತಿರುಗಲು ಶುರುವಾಗುವ ಕ್ಷಣದಲ್ಲಿ ಡ್ರೈವ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಹಬ್‌ನಲ್ಲಿ ಅಷ್ಟು ಸಿಗದೆ ಹೋದರೆ ಬರವಣಿಗೆ ನಡುವೆಯೇ ನಿಂತು ಒಂದು ಸಿಡಿ ಹಾಳು.

ಸ್ಲಿಮ್ ಡ್ರೈವ್ ಆದ್ದರಿಂದ ಸಿಡಿಯ ವೇಗ ಹೆಚ್ಚೆಂದರೆ 24 ಎಕ್ಸ್, ಅಂದರೆ ಹಾಡುವ ವೇಗದ 24 ಪಟ್ಟು. ಡೆಸ್ಕ್‌ಟಾಪ್ ಒಳಗೆ ಕೂರುವ ದೊಡ್ಡ ಡ್ರೈವ್‌ಗಳಲ್ಲಿ 48, 52 ಎಲ್ಲ ಇರುತ್ತದೆ. ನಮಗೆ ಅದು ಬೇಕಾಗಿಯೇ ಇಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಟ್ರೇ ತೆಳುವಾಗಿದೆ, ಎಲ್ಲ ಸ್ಲಿಮ್ ಡ್ರೈವ್‌ಗಳದ್ದೂ ಹಾಗೇ. ಡಿಸ್ಕನ್ನು ಸುಮ್ನೆ ಇಟ್ಟರೆ ಆಗುವುದಿಲ್ಲ. ಒಂದು ಕೈಯಲ್ಲಿ ಟ್ರೇಯ ಅಡಿಗೆ ಆಧಾರ ಕೊಟ್ಟು, ನಡುವಿನ ಗುಬುಟಿಗೆ ಟಿಕ್ ಅನ್ನುವವರೆಗೆ ಒತ್ತಬೇಕು. ಬರೆಯುವಾಗ ಮೇಜು ಅಲುಗಾಡಬಾರದು. ಇಷ್ಟು ನೋಡಿಕೊಂಡರೆ ಒಳ್ಳೆಯ ಡ್ರೈವ್. ನನ್ನದು ಇದುವರೆಗೆ ಕೈಕೊಟ್ಟಿಲ್ಲ. ಕೊಂಡು ತಂದ ಹಳೇ ಸಿಡಿಗಳನ್ನು ಓದಿ ಕಂಪ್ಯೂಟರಿಗೆ ಇಳಿಸಿಕೊಳ್ಳಲೂ ಇದೇ ಸಾಕು.

ಇನ್ನು ಖಾಲಿ ಸಿಡಿ. ಈಗ ಎಲ್ಲರೂ ಎಡವುವುದು ಇಲ್ಲೇ. ಒಂದು ಕಾಲದಲ್ಲಿ ಯಾವ ಮೊಬೈಲ್ ಅಂಗಡಿಗೆ ಹೋದರೂ ಮೋಸರ್ ಬೇರ್ ಸಿಡಿ ನೇತಾಡುತ್ತಿತ್ತು. ನೋಯ್ಡಾದಲ್ಲಿ ತಯಾರಾಗುತ್ತಿದ್ದ ನಮ್ಮ ದೇಶದ್ದೇ ಸರಕು. ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿ ಹಳ್ಳಿ ಮನೆಗಳಿಗೂ ಡಿಸ್ಕ್ ಮುಟ್ಟಿಸಿದ ಕಂಪನಿ ಅದು. 2018ರಲ್ಲಿ ಅದರ ಆಸ್ತಿ ಮಾರಿ ಮುಚ್ಚಲು ಆದೇಶವಾಯಿತು. ಜಪಾನಿನ ತೈಯೋ ಯುಡೆನ್, ಬರೆಯುವ ಸಿಡಿಯನ್ನೇ ಮೊದಲು ಮಾಡಿದವರು, ಅವರೂ 2015ರಲ್ಲಿ ನಿಲ್ಲಿಸಿದರು. ಈಗ ಹೆಸರಿರುವ ಡಿಸ್ಕುಗಳಲ್ಲಿ ಸುಲಭವಾಗಿ ಸಿಗುವುದು ವರ್ಬ್ಯಾಟಿಮ್. ಅದನ್ನೂ 2019ರಲ್ಲಿ ಮಿತ್ಸುಬಿಷಿಯವರು ತೈವಾನಿನ ಸಿಎಂಸಿ ಕಂಪನಿಗೆ ಮಾರಿದರು.

ವರ್ಬ್ಯಾಟಿಮ್‌ನಲ್ಲೂ ಎಲ್ಲ ಡಿಸ್ಕು ಒಂದೇ ಅಲ್ಲ. ಡಬ್ಬಿಯ ಮೇಲೆ 'ಅಜೋ' ಅಂತ ಬರೆದಿರುವುದು ಒಂದು ಬಗೆ. 'ಎಕ್ಸ್‌ಟ್ರಾ ಪ್ರೊಟೆಕ್ಷನ್' ಅಂತ ಇರುವುದು ಇನ್ನೊಂದು. ಅಜೋ ಅನ್ನುವುದು ಒಳಗಿರುವ ಬಣ್ಣದ ಹೆಸರು. ಬರೆಯುವ ಸಿಡಿಯಲ್ಲಿ ಅಂಗಡಿಯ ಸಿಡಿಯಂತೆ ಅಚ್ಚೊತ್ತಿದ ಗುಳಿಗಳಿರುವುದಿಲ್ಲ, ಒಂದು ಬಣ್ಣದ ಪದರ ಇರುತ್ತದೆ. ಲೇಸರ್ ಅದನ್ನು ಅಲ್ಲಲ್ಲಿ ಸುಟ್ಟು ಗುರುತು ಹಾಕುತ್ತದೆ. ಆ ಬಣ್ಣ ಬಿಸಿಲಿಗೆ ಕೆಡುತ್ತದೆ. ಹಳೇ ಸಯನೈನ್ ಬಣ್ಣ ಬೇಗ ಕೆಡುವುದು, ಅಜೋ ಚೆನ್ನಾಗಿ ತಡೆದುಕೊಳ್ಳುವುದು. ಅಜೋ ಡಿಸ್ಕನ್ನು ತಿರುಗಿಸಿ ನೋಡಿದರೆ ಗಾಢ ನೀಲಿ. ಕಾರಿನಲ್ಲಿ ಇಡುವ ಸಿಡಿಗೆ ನಾನು ಹುಡುಕಿ ತರುವುದು ಇದನ್ನೇ. ಸಿಗದಿದ್ದರೆ ಇನ್ನೊಂದನ್ನೂ ತಂದಿದ್ದೇನೆ. ಅದೂ ಡೆಕ್ಕಿನಲ್ಲಿ ತಕರಾರಿಲ್ಲದೆ ಓಡುತ್ತದೆ. ಬಿಸಿಲಿನಲ್ಲಿ ಎಷ್ಟು ವರ್ಷ ಬಾಳುತ್ತದೆ ಅನ್ನುವುದಷ್ಟೇ ನನ್ನ ಚಿಂತೆ.

ಹೆಸರೇ ಇಲ್ಲದ, ಪ್ಲಾಸ್ಟಿಕ್ ಸುತ್ತಿ ಬಿಡಿಯಾಗಿ ಮಾರುವ ಸಿಡಿಗಳ ಹತ್ತಿರ ಹೋಗಬೇಡಿ. ಅಂಥ ಒಂದು ಕಟ್ಟು ನಮ್ಮ ಮನೆಗೂ ಬಂದಿತ್ತು. ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿ ಕೇಳುತ್ತಿತ್ತು. ಕಾರಿನಲ್ಲಿ ಹಾಕಿದರೆ ಮುಕ್ಕಾಲು ದಾರಿಯಲ್ಲಿ ಮಾತು ತೊದಲುತ್ತಿತ್ತು. ಸಿಡಿಯನ್ನು ಬರೆಯುವುದು ನಡುವಿನಿಂದ ಹೊರಕ್ಕೆ. ಕೆಟ್ಟ ಡಿಸ್ಕಿನಲ್ಲಿ ತಪ್ಪುಗಳು ಜಾಸ್ತಿ ಇರುವುದು ಹೊರ ಅಂಚಿನಲ್ಲಿ. ಅದಕ್ಕೇ ಕೊನೆಯ ಹಾಡುಗಳು ಮೊದಲು ಹಾಳಾಗುತ್ತವೆ. ಡೆಕ್ಕಿನ ಲೇಸರ್ ಹಳತಾಗಿದ್ದರೂ ಇದೇ ಲಕ್ಷಣ. ಆಗ 80 ನಿಮಿಷವನ್ನೂ ತುಂಬಿಸದೆ 70ಕ್ಕೆ ನಿಲ್ಲಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಮತ್ತೆ ಮತ್ತೆ ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯು ಉಳಿತಾಯ ಅಂತ ಅನ್ನಿಸಬಹುದು. ಹಳೇ ಡೆಕ್ಕಿಗೆ ಅದು ಆಗಿಬರುವುದಿಲ್ಲ. ಮಾಮೂಲಿ ಸಿಡಿ-ಆರ್ ಲೇಸರ್ ಬೆಳಕಿನ ಸುಮಾರು 65 ಶೇಕಡಾವನ್ನು ವಾಪಸ್ ಕಳಿಸುತ್ತದೆ. ಆರ್‌ಡಬ್ಲ್ಯು ಕಳಿಸುವುದು ಬರೀ 15ರಿಂದ 25. ಅಷ್ಟು ಮಂಕು ಬೆಳಕು ಹಳೇ ಕಣ್ಣಿಗೆ ಕಾಣದು. ಡಿವಿಡಿಯಂತೂ ಆಗುವುದೇ ಇಲ್ಲ. ಸಿಡಿಯ ಲೇಸರ್ 780 ನ್ಯಾನೋಮೀಟರ್, ಡಿವಿಡಿಯದ್ದು 650. ಡೆಕ್ಕಿನಲ್ಲಿ ಎರಡನೆಯದು ಇಲ್ಲದಿದ್ದರೆ ಓದುವುದು ಹೇಗೆ?

ಈಗ ಮುಖ್ಯ ವಿಷಯ. ಸಿಡಿ ಕಾರಿನಲ್ಲಿ ಹಾಡದಿದ್ದರೆ ಹೆಚ್ಚಿನವರು ಡಿಸ್ಕನ್ನೋ ಡೆಕ್ಕನ್ನೋ ಬೈಯುತ್ತಾರೆ. ನಾನು ಕಂಡಂತೆ ಹೆಚ್ಚಿನ ಸಲ ತಪ್ಪಿರುವುದು ಬರೆದ ರೀತಿಯಲ್ಲಿ. ಖಾಲಿ ಸಿಡಿ ಹಾಕಿದ ಕೂಡಲೇ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಈ ಡಿಸ್ಕನ್ನು ಯುಎಸ್‌ಬಿ ಡ್ರೈವ್‌ನಂತೆ ಬಳಸುತ್ತೀರೋ, ಸಿಡಿ-ಡಿವಿಡಿ ಪ್ಲೇಯರ್‌ನಲ್ಲಿ ಬಳಸುತ್ತೀರೋ ಅಂತ. ಮೊದಲನೆಯದು ಆಗಲೇ ಆಯ್ಕೆಯಾಗಿರುತ್ತದೆ. ಜನ ಸುಮ್ನೆ ಎಂಟರ್ ಒತ್ತಿ ಹಾಡುಗಳನ್ನು ಎಳೆದು ಹಾಕುತ್ತಾರೆ. ಅದು ಯುಡಿಎಫ್ ಅನ್ನುವ ಬೇರೆಯೇ ಪದ್ಧತಿಯಲ್ಲಿ ಬರೆಯುತ್ತದೆ. ಕಂಪ್ಯೂಟರಿಗೆ ಅರ್ಥವಾಗುತ್ತದೆ, ಕಾರಿನ ಡೆಕ್ಕಿಗೆ ಆಗುವುದಿಲ್ಲ. ಎರಡನೆಯದನ್ನೇ ಆರಿಸಬೇಕು. ಇದೊಂದು ಗೊತ್ತಿದ್ದರೆ ಅರ್ಧ ಕಷ್ಟ ಕಳೆಯಿತು.

ಅದಕ್ಕೂ ಮೊದಲು ನಿಮ್ಮ ಡೆಕ್ಕಿನ ಮುಖ ನೋಡಿ. ಎಂಪಿ3 ಅಂತ ಗುರುತು ಇದೆಯೋ ಇಲ್ಲವೋ? ಇಲ್ಲದಿದ್ದರೆ ಆಡಿಯೋ ಸಿಡಿಯೊಂದೇ ದಾರಿ. ಇದ್ದರೆ ಆಡಿಯೋ ಸಿಡಿಯೂ ಆಗುತ್ತದೆ, ಎಂಪಿ3 ಫೈಲ್‌ಗಳನ್ನು ಹಾಗೇ ಬರೆದ ಎಂಪಿ3 ಸಿಡಿಯೂ ಆಗುತ್ತದೆ.

ಆಡಿಯೋ ಸಿಡಿ ಅಂದರೆ ಸೋನಿ ಮತ್ತು ಫಿಲಿಪ್ಸ್ ಸೇರಿ 1980ರಲ್ಲಿ ಗೊತ್ತುಮಾಡಿದ ಪದ್ಧತಿ. ಸೆಕೆಂಡಿಗೆ 44,100 ಸಲ ಅಳೆದ 16 ಬಿಟ್ ಧ್ವನಿ. ಇದರಲ್ಲಿ ಎಂಬಿ ಲೆಕ್ಕ ನಡೆಯುವುದಿಲ್ಲ, ನಿಮಿಷದ ಲೆಕ್ಕ. ಹಾಡುಗಳ ಫೋಲ್ಡರ್ 100 ಎಂಬಿ ಇರಲಿ, 500 ಇರಲಿ, 80 ನಿಮಿಷ ಆದಮೇಲೆ ಮುಗಿಯಿತು. ಟ್ರ್ಯಾಕ್ ಹೆಚ್ಚೆಂದರೆ 99. ಎಂಪಿ3ಯಿಂದ ಆಡಿಯೋ ಸಿಡಿ ಮಾಡಿದರೆ ಧ್ವನಿ ಉತ್ತಮವಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆಗುವುದಿಲ್ಲ. ಎಂಪಿ3 ಮಾಡುವಾಗ ಹೋದದ್ದು ಹೋಯಿತು.

ಕ್ಯಾಸೆಟ್ ಇಳಿಸುವವರಿಗೆ ಇಲ್ಲೊಂದು ತೊಡಕು ಇದೆ. ಅಪ್ಪನದು ಹೆಚ್ಚಿನವು 90 ನಿಮಿಷದ ಕ್ಯಾಸೆಟ್. ಒಂದು ಬದಿಗೆ 45. ಎರಡು ಬದಿ ಸೇರಿದರೆ ಒಂದು ಆಡಿಯೋ ಸಿಡಿಗೆ ಹಿಡಿಸದು. 60ರ ಕ್ಯಾಸೆಟ್ ಆದರೆ ಸಲೀಸು. ಒಂದು ರಾತ್ರಿಯ ತಾಳಮದ್ದಳೆಗೆ ಆಡಿಯೋ ಸಿಡಿ ಮಾಡಹೊರಟರೆ ದಾರಿಯಲ್ಲಿ ಐದಾರು ಸಲ ಡಿಸ್ಕ್ ಬದಲಿಸಬೇಕು. ಕರ್ಣ ಶಲ್ಯನಿಗೆ ಉತ್ತರ ಕೊಡಲು ಬಾಯಿ ತೆರೆದಾಗ ಸಿಡಿ ಹೊರಗೆ ಬಂದರೆ ಹೇಗಾಗಬೇಡ!

ಅದಕ್ಕೇ ನನಗೆ ಎಂಪಿ3 ಸಿಡಿ ಇಷ್ಟ. 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್) ಮಾಡಿದರೆ ಗಂಟೆಗೆ 58 ಎಂಬಿಯಷ್ಟು ಆಗುತ್ತದೆ. 700 ಎಂಬಿಯ ಡಿಸ್ಕಿನಲ್ಲಿ ಸುಮಾರು 12 ಗಂಟೆ. ಸಂಜೆ ಚೌಕಿಪೂಜೆಯಿಂದ ಬೆಳಗಿನ ಮಂಗಳದವರೆಗಿನ ಇಡೀ ರಾತ್ರಿಯ ಯಕ್ಷಗಾನ ಆಟವೂ ಒಂದೇ ಸಿಡಿಯಲ್ಲಿ ಕೂರುತ್ತದೆ. ಹಳ್ಳಿಯ ಮೈಕಿನಿಂದ ಕ್ಯಾಸೆಟ್ಟಿಗೆ ಬಂದ ಧ್ವನಿ ಇದು, ಅದಕ್ಕೆ 128 ಧಾರಾಳವಾಯಿತು. ಒಳ್ಳೆಯ ಸ್ಟುಡಿಯೋ ಸಂಗೀತ ಆದರೆ, ಭೀಮಸೇನ ಜೋಶಿಯವರದ್ದೋ ಮನ್ಸೂರರದ್ದೋ ಕೊಂಡುತಂದ ಸಿಡಿಯ ಪ್ರತಿ ಕಾರಿಗೆ ಬೇಕು ಅಂದರೆ, ನಾನು ಆಡಿಯೋ ಸಿಡಿಯೇ ಮಾಡುತ್ತೇನೆ. ತಂಬೂರಿಯ ನಾದ ಎಂಪಿ3ಯಲ್ಲಿ ತೆಳುವಾಗುತ್ತದೆ, ಕಿವಿಗೆ ಗೊತ್ತಾಗುತ್ತದೆ.

ಇನ್ನೊಂದು ಲಾಭವೂ ಇದೆ. ನನ್ನ ಡೆಕ್ಕಿನಲ್ಲಿ ಶಿರಾಡಿಯ ಹೊಂಡಗಳಿಗೆ ಆಡಿಯೋ ಸಿಡಿ ಆಗಾಗ ಹಾರುತ್ತದೆ, ಎಂಪಿ3 ಸಿಡಿ ಹಾರುವುದು ಕಡಿಮೆ. ಡೆಕ್ ಮುಂದಿನದನ್ನು ಸ್ವಲ್ಪ ಓದಿ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಎಂಪಿ3 ಚಿಕ್ಕದು, ಅಷ್ಟೇ ನೆನಪಿನಲ್ಲಿ ಜಾಸ್ತಿ ಹೊತ್ತಿನದು ಹಿಡಿಯುತ್ತದೆ.

ಸಾಫ್ಟ್‌ವೇರ್‌ಗೆ ಬಂದರೆ, ಬರೀ ಆಡಿಯೋ ಸಿಡಿಗೆ ವಿಂಡೋಸ್ ಮೀಡಿಯಾ ಪ್ಲೇಯರ್ ಸಾಕು. ವಿಂಡೋಸ್ 11ರಲ್ಲಿ 'ಲೆಗಸಿ' ಅನ್ನುವ ಹೆಸರಲ್ಲಿ ಹಳೆಯದು ಇನ್ನೂ ಇದೆ. ಬರ್ನ್ ಅನ್ನುವ ಕಡೆ ಹಾಡು ಎಳೆದು ಹಾಕಿ, ಮೇಲೆ ಆಡಿಯೋ ಸಿಡಿ ಅಂತ ಇದೆಯಾ ನೋಡಿ, ವೇಗ ಕಡಿಮೆ ಮಾಡಿ, ಬರೆಯಿರಿ. ಹಾಡುಗಳ ನಡುವೆ ಎರಡು ಸೆಕೆಂಡಿನ ಮೌನ ಬೇಡ ಅನ್ನಲೂ ಅಲ್ಲಿ ಜಾಗ ಇದೆ. ಸಿನಿಮಾ ಹಾಡಿಗೆ ಆ ಮೌನ ಇದ್ದರೆ ಚೆಂದವೇ. ಕಛೇರಿಗೆ, ತಾಳಮದ್ದಳೆಗೆ ಖಂಡಿತ ಬೇಡ.

ನಾನು ಹೆಚ್ಚು ನಂಬಿರುವುದು ಇಮ್ಗ್‌ಬರ್ನ್. ಪುಕ್ಕಟೆ. ಅದರ ಕೊನೆಯ ಆವೃತ್ತಿ 2.5.8.0 ಬಂದದ್ದು 2013ರಲ್ಲಿ. ಆಮೇಲೆ ಹೊಸದು ಬಂದಿಲ್ಲ, ಆದರೂ ಇವತ್ತಿಗೂ ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ನಡೆಯುತ್ತಿದೆ. ನೋಡೋಕೆ ಒರಟು. ಬಟನ್‌ಗಳ ಹೆಸರು ಮೊದಲ ಸಲ ಗಾಬರಿ ಹುಟ್ಟಿಸಬಹುದು. ಆದರೆ ಏನು ಮಾಡುತ್ತಿದೆ ಅನ್ನುವುದನ್ನು ಒಂದೊಂದು ಸಾಲಾಗಿ ತೋರಿಸುತ್ತದೆ. ಬೇರೆ ಯಾವ ಪ್ರೋಗ್ರಾಮಿನಲ್ಲೂ ನನಗೆ ಇಷ್ಟು ನೆಮ್ಮದಿ ಸಿಕ್ಕಿಲ್ಲ. ಇನ್‌ಸ್ಟಾಲ್ ಮಾಡುವಾಗ ಒಂದೊಂದು ಪುಟವನ್ನೂ ಓದಿ, ಬೇರೆ ಪ್ರೋಗ್ರಾಮ್ ಸೇರಿಸಲಾ ಅಂತ ಕೇಳಿದರೆ ಬೇಡ ಅನ್ನಿ.

ಎಂಪಿ3 ಸಿಡಿಗೆ ಫೈಲ್-ಫೋಲ್ಡರ್ ಬರೆಯುವ ಬಟನ್ ಒತ್ತಿ. ಬಲಗಡೆ ಫೈಲ್ ಸಿಸ್ಟಮ್ (ಫೈಲ್ ಜೋಡಿಸುವ ಪದ್ಧತಿ) ಅನ್ನುವಲ್ಲಿ ಐಎಸ್‌ಒ 9660 ಮತ್ತು ಜೋಲಿಯೆಟ್ ಇರುವುದನ್ನು ಆರಿಸಿ. ಯುಡಿಎಫ್ ಇರಬಾರದು. ವೇಗ 16 ಎಕ್ಸ್ ಹಾಕಿ. 80 ನಿಮಿಷದ ಡಿಸ್ಕಿಗೆ ಐದು ನಿಮಿಷ, ಮುಗಿಸುವ ಕೆಲಸಕ್ಕೆ ಇನ್ನೊಂದು ನಿಮಿಷ ಅಂದುಕೊಳ್ಳಿ. ಗುರುತುಗಳು ಸ್ಪಷ್ಟವಾಗಿ ಬೀಳುತ್ತವೆ. ಹಾಗಂತ 4 ಎಕ್ಸ್‌ಗೆ ಇಳಿಸಿದರೆ ಇನ್ನೂ ಚೆನ್ನ ಅಂತ ಇಲ್ಲ. ಈಗಿನ ಡಿಸ್ಕುಗಳ ಬಣ್ಣ ವೇಗದ ಬರವಣಿಗೆಗೆ ಹೊಂದಿಸಿದ್ದು, ಎಷ್ಟೋ ಡ್ರೈವ್‌ಗಳು ಅಷ್ಟು ನಿಧಾನಕ್ಕೆ ಒಪ್ಪುವುದೂ ಇಲ್ಲ. ಬರೆದಾದ ಮೇಲೆ ವೆರಿಫೈ, ಅಂದರೆ ಬರೆದದ್ದು ಸರಿಯಿದೆಯಾ ಅಂತ ಓದಿ ನೋಡುವ ಕೆಲಸ, ಮಾಡಲು ಬಿಡಿ. ಡಿಸ್ಕನ್ನು ಪೂರ್ತಿ ಮುಚ್ಚಬೇಕು, ಅಂದರೆ ಫೈನಲೈಸ್ ಆಗಬೇಕು. ಜಾಗ ಉಳಿದಿದೆ, ನಾಳೆ ನಾಲ್ಕು ಹಾಡು ಸೇರಿಸೋಣ ಅನ್ನುವ ಆಸೆ ಬೇಡ. ಮೊದಲ ಸಲ ಬರೆದದ್ದನ್ನು ಮಾತ್ರ ಓದುವ ಡೆಕ್ಕುಗಳಿವೆ.

ಫೈಲಿನ ಹೆಸರಿನ ಬಗ್ಗೆ ನನಗೆ ಒಂದು ಬೇಸರ. ಜೋಲಿಯೆಟ್‌ನಲ್ಲಿ ಕನ್ನಡದಲ್ಲೇ ಹೆಸರು ಬರೆಯಬಹುದು, ಡಿಸ್ಕಿನಲ್ಲಿ ಅದು ಇರುತ್ತದೆ, ಕಂಪ್ಯೂಟರಿನಲ್ಲಿ ಕಾಣುತ್ತದೆ. ಡೆಕ್ಕಿನ ಪುಟ್ಟ ಪರದೆಯಲ್ಲಿ ಮಾತ್ರ ಚೌಕಗಳು, ಇಲ್ಲವೇ ಖಾಲಿ. ಆಡಿಯೋ ಸಿಡಿಯಲ್ಲಿ ಹಾಡಿನ ಹೆಸರು ಬರೆಯುವ ಸಿಡಿ-ಟೆಕ್ಸ್ಟ್ ಅಂತೂ ಕನ್ನಡಕ್ಕೆ ಜಾಗವನ್ನೇ ಇಟ್ಟಿಲ್ಲ, ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ, ಬಿಟ್ಟರೆ ಜಪಾನಿ. ಬೆಂಗಳೂರಿನ ಅಂಗಡಿಗಳಲ್ಲಿ ಲಕ್ಷಗಟ್ಟಲೆ ಮಾರಾಟವಾದ ಯಂತ್ರಗಳಲ್ಲಿ ನಮ್ಮ ಒಂದಕ್ಷರ ಕಾಣದೆ ಒಂದು ಕಾಲವೇ ಕಳೆದುಹೋಯಿತು, ಅಲ್ವಾ? ಈಗ ಇಂಗ್ಲಿಷ್ ಅಕ್ಷರದಲ್ಲೇ, ಮುಂದೆ 01, 02 ಅಂತ ಅಂಕಿ ಹಾಕಿ, ಚಿಕ್ಕದಾಗಿ ಹೆಸರಿಡಿ. ಅಂಕಿ ಹಾಕದಿದ್ದರೆ ಪೀಠಿಕೆಗೆ ಮೊದಲೇ ಮಂಗಳ ಬಂದೀತು.

45 ನಿಮಿಷದ ಒಂದು ಬದಿಯನ್ನು ಒಂದೇ ಫೈಲ್ ಮಾಡಬೇಡಿ. ಪೆಟ್ರೋಲ್ ಹಾಕಿಸಿ ಬಂದು ಕೀ ತಿರುಗಿಸಿದರೆ ಕೆಲವು ಡೆಕ್ಕುಗಳು ಟ್ರ್ಯಾಕಿನ ಮೊದಲಿಗೆ ಹೋಗಿ ಕೂರುತ್ತವೆ. ನಾನು ಅಡಾಸಿಟಿ ಅನ್ನುವ ಧ್ವನಿ ತಿದ್ದುವ ಪ್ರೋಗ್ರಾಮಿನಲ್ಲಿ ಐದಾರು ನಿಮಿಷಕ್ಕೊಂದು ಗುರುತು ಹಾಕಿ ತುಂಡು ಮಾಡುತ್ತೇನೆ. ಎಲ್ಲಿ ಬೇಕಾದರೂ ತುಂಡು ಮಾಡುವಂತಿಲ್ಲ. ಒಂದು ಎಂಪಿ3 ಮುಗಿದು ಇನ್ನೊಂದು ಶುರುವಾಗುವಾಗ ಕಣ್ಣು ಮಿಟುಕಿಸುವಷ್ಟು ಮೌನ ಬರುತ್ತದೆ. ಪದ್ಯದ ನಡುವೆ ಬಂದರೆ ಮದ್ದಳೆಯ ಪೆಟ್ಟೊಂದು ತಪ್ಪಿದಂತೆ ಕೇಳುತ್ತದೆ. ಅರ್ಥಧಾರಿ, ಅಂದರೆ ಪಾತ್ರವಾಗಿ ಮಾತಾಡುವವರು, ಮಾತು ಮುಗಿಸಿ, ಭಾಗವತರು ಮುಂದಿನ ಪದ್ಯ ಎತ್ತಿಕೊಳ್ಳುವ ಮೊದಲು ಸಣ್ಣದೊಂದು ಬಿಡುವು ಇರುತ್ತದೆ. ಅಲ್ಲೇ ಕತ್ತರಿಸಬೇಕು. ಇದಕ್ಕೆ ಇಡೀ ಪ್ರಸಂಗ ಕೂತು ಕೇಳಬೇಕಾಗುತ್ತದೆ. ನನಗಂತೂ ಅದು ಕೆಲಸ ಅನ್ನಿಸಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಮಾತು ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಹೀಗೆ ಗುರುತು ಹಾಕುತ್ತಾ ಕೇಳಿದಾಗಲೇ ನನಗೆ ಸರಿಯಾಗಿ ತಿಳಿದದ್ದು.

ಧ್ವನಿಯನ್ನೂ ಒಂದು ಮಟ್ಟಕ್ಕೆ ತನ್ನಿ. ಭಾಗವತಿಕೆಗೆ ಮೈಕ್ ಹತ್ತಿರ, ಅರ್ಥಧಾರಿಗೆ ದೂರ, ಹೀಗೆಲ್ಲ ರೆಕಾರ್ಡ್ ಆಗಿರುತ್ತದೆ. ಮನೆಯಲ್ಲಿ ಪರವಾಗಿಲ್ಲ. ಎರಡನೇ ಗೇರಿನಲ್ಲಿ ಘಾಟಿ ಹತ್ತುವಾಗ ಎಂಜಿನ್ ಸದ್ದಿಗೆ ಮೆಲುಮಾತು ಮುಳುಗಿಹೋಗುತ್ತದೆ. ಜೋರು-ಮೆಲು ಧ್ವನಿಯ ಅಂತರ ತಗ್ಗಿಸುವ ಕಂಪ್ರೆಸರ್ ಅಡಾಸಿಟಿಯಲ್ಲಿದೆ, ಅದನ್ನು ಹದವಾಗಿ ಹಾಕಿದರೆ ಸಾಕು.

ಬರೆದ ಸಿಡಿಯ ಮೇಲೆ ಕಾಗದದ ಲೇಬಲ್ ಅಂಟಿಸಲೇಬೇಡಿ. ಕಾರಿನ ಡೆಕ್ ಡಿಸ್ಕನ್ನು ಸಣ್ಣ ಸಂದಿಯಲ್ಲಿ ಎಳೆದುಕೊಳ್ಳುತ್ತದೆ. ಬಿಸಿಲಿಗೆ ಅಂಟು ಕರಗಿ ಕಾಗದ ಎದ್ದರೆ ಡಿಸ್ಕ್ ಒಳಗೇ ಸಿಕ್ಕಿಕೊಳ್ಳುತ್ತದೆ. ನಮ್ಮ ನೆಂಟರೊಬ್ಬರ ಕಾರಿನಲ್ಲಿ ಹಾಗಾಗಿ, ಡ್ಯಾಶ್‌ಬೋರ್ಡ್ ಬಿಚ್ಚಿ ಡೆಕ್ ಹೊರತೆಗೆಯಬೇಕಾಯಿತು. ಸಿಡಿಗೆಂದೇ ಸಿಗುವ ಮೆತ್ತನೆ ತುದಿಯ ಮಾರ್ಕರ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಬೇಡ. ಬೆಳಕು ಹೊಳೆಯುವ ಅಡಿಭಾಗ ಸೂಕ್ಷ್ಮ, ಮೇಲ್ಭಾಗ ಗಟ್ಟಿ ಅಂತ ಜನ ತಿಳಿದಿದ್ದಾರೆ. ಇರುವುದು ಉಲ್ಟಾ. ಅಡಿಯಲ್ಲಿ ಒಂದು ಮಿಲಿಮೀಟರಿಗೂ ದಪ್ಪ ಪ್ಲಾಸ್ಟಿಕ್ ಇದೆ. ಮೇಲೆ ತೆಳ್ಳನೆ ವಾರ್ನಿಷ್, ಅದರ ಕೆಳಗೇ ಬೆಳ್ಳಿ ಪದರ. ಅಲ್ಲಿ ಗೀರು ಬಿದ್ದರೆ ಮುಗಿಯಿತು. ಒರೆಸುವಾಗ ಸುತ್ತ ಒರೆಸದೆ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಹೋಗುವಾಗ ಸಿಡಿಯನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ.

ಇಷ್ಟೆಲ್ಲ ಯಾಕೆ, ಡೆಕ್ಕನ್ನೇ ಬದಲಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಬದಲಿಸಬಹುದು. ಬ್ಲೂಟೂತ್ ಇರುವ ಹೊಸ ಡೆಕ್ ಸಾಮಾನ್ಯದ್ದಾದರೆ ಈ ರೈಟರಿನ ಬೆಲೆಗೇ ಸಿಗುತ್ತದೆ. ಹಾಡು ಕೇಳೋದಷ್ಟೇ ನಿಮ್ಮ ಆಸೆ ಆದರೆ ಅದೇ ಸರಿ. ನನ್ನ ಲೆಕ್ಕ ಬೇರೆ. ಅಪ್ಪನ ಜೊತೆ ಅದೇ ಜಗಲಿಗಳಲ್ಲಿ ಕೂತು ಕೇಳಿದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರಿಗೆ ಲಿಂಕ್ ಕಳಿಸಿದರೆ ತೆರೆಯಲು ಮೊಮ್ಮಕ್ಕಳನ್ನು ಕಾಯಬೇಕು. ಸಿಡಿ ಕೊಟ್ಟರೆ ತಾವೇ ಹಾಕಿಕೊಂಡು ಕೇಳುತ್ತಾರೆ. ಎಂಪಿ3 ಸಿಡಿ ಮನೆಯ ಹಳೇ ಡಿವಿಡಿ ಪ್ಲೇಯರ್‌ನಲ್ಲೂ ಹಾಡುತ್ತದೆ. ಸಿಡಿ ಮುಟ್ಟಿದ ಮರುದಿನ ಫೋನ್ ಮಾಡಿ, ಆ ರಾತ್ರಿ ಮದ್ದಳೆಗೆ ಯಾರು ಕೂತಿದ್ದರು, ಯಾವ ಮಾತಿಗೆ ಸಭೆ ನಕ್ಕಿತು ಅಂತ ನನಗೇ ಹೇಳುತ್ತಾರೆ. ಕ್ಯಾಸೆಟ್ಟಿನ ಮೇಲೆ ಅಪ್ಪ ಬರೆಯದೆ ಬಿಟ್ಟ ಊರು, ಇಸವಿ ಎಷ್ಟೋ ನನಗೆ ಸಿಕ್ಕಿದ್ದು ಹೀಗೇ.

ಕೊಳ್ಳುವುದಾದರೆ, ರೈಟರ್ ಆನ್‌ಲೈನಿನಲ್ಲಿ ಸುಲಭ. ಖಾಲಿ ಸಿಡಿಗೆ ಬೆಂಗಳೂರಿನ ಎಸ್‌ಪಿ ರಸ್ತೆ ವಾಸಿ. ಡಬ್ಬಿಯನ್ನು ಕೈಯಲ್ಲಿ ಹಿಡಿದು, ಸೀಲ್ ನೋಡಿ, ಅಜೋ ಅಂತ ಓದಿ ತರಬಹುದು. 50ರ ಡಬ್ಬಿ ತಂದರೆ ಬಿಡಿಗಿಂತ ಅಗ್ಗ. ಆದರೆ ಮೊದಲ ಸಲ 10ರದ್ದೇ ತನ್ನಿ. ಒಂದರಲ್ಲಿ ಆಡಿಯೋ, ಒಂದರಲ್ಲಿ ಎಂಪಿ3 ಬರೆದು, ನಿಮ್ಮ ಡೆಕ್ಕಿನಲ್ಲಿ ಕೊನೆಯ ಟ್ರ್ಯಾಕಿನವರೆಗೂ ಕೇಳಿ ನೋಡಿ. ಅದು ಸರಿ ಬಂದಮೇಲೆ ದೊಡ್ಡ ಡಬ್ಬಿಗೆ ಹೋಗಿ.